ಹತ್ತು ಸಾವಿರ ಆಟ ಬೇಡ, ಒಂದು ಸಾಕು

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿದ. ಅಂಗೈಯಗಲದ ಯಂತ್ರ. ಮೇಲೆ ಪುಟ್ಟ ಪರದೆ. ಕೆಳಗೆ ಎಡಕ್ಕೆ ಕೂಡುವ ಚಿಹ್ನೆಯಂಥ ಗುಂಡಿ, ಬಲಕ್ಕೆ ನಾಲ್ಕು ದುಂಡು ಗುಂಡಿ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, '10,000 ಆಟಗಳು ಒಳಗೇ ಇವೆ!'

"ತಾತ, ಇದು ಕೊಡಿಸ್ತೀರಾ? ಅಪ್ಪ ಚಿಕ್ಕವರಿದ್ದಾಗ ಆಡ್ತಿದ್ದ ಆಟ ಎಲ್ಲಾ ಇದರಲ್ಲಿ ಇದ್ಯಂತೆ."

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ದೊಡ್ಡ ಅಂಕಿ ಕಂಡರೆ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ದಿನಕ್ಕೊಂದು ಆಟ ಎಂದು ಹಿಡಿದರೂ ಹತ್ತು ಸಾವಿರ ಆಟ ಮುಗಿಯಲು 27 ವರ್ಷ ದಾಟುತ್ತದೆ. ಹುಡುಗನಿಗೆ ಈಗ ಹನ್ನೆರಡು. ಮುಗಿಸುವ ಹೊತ್ತಿಗೆ ಮೂವತ್ತೊಂಬತ್ತು. ನನ್ನ ಖಾತೆಯಲ್ಲಂತೂ ಅಷ್ಟು ಬ್ಯಾಲೆನ್ಸ್ ಉಳಿದಿಲ್ಲ!

"ಕೊಡಿಸೋಣ ಪುಟ್ಟಾ. ಆದರೆ ಯಾವುದು, ಯಾಕೆ ಅಂತ ಮೊದಲು ನೋಡೋಣ" ಎಂದೆ. ಉದ್ದನೆಯ ಹಾಳೆಗೆ ಲೆಡ್ಜರಿನಂತೆ ಗೆರೆ ಎಳೆದುಕೊಟ್ಟೆ. ಅವನು ಹುಡುಕಿ ಹುಡುಕಿ ತುಂಬಿದ. ಹದಿನೈದು ದಿನ ನಾವಿಬ್ಬರೂ ಕೂತು ಮಾಡಿದ ಆ ಪಟ್ಟಿಯ ಸಾರ ಇಲ್ಲಿದೆ. ನಿಮ್ಮ ಮನೆಯಲ್ಲೂ ಇದೇ ಅರ್ಜಿ ಬಂದೀತು. ಆಗ ಉಪಯೋಗಕ್ಕೆ ಬರಲಿ.

ಫೂ ಎಂದು ಊದುತ್ತಿದ್ದ ಕಾಲ

1995ರ ಬೇಸಿಗೆಯಲ್ಲಿ ಮಗನ ಕಾಟ ತಾಳಲಾರದೆ ಒಂದು ಟಿವಿ ಗೇಮ್ ತಂದಿದ್ದೆ. ಈಗಿನ ಮಕ್ಕಳಿಗೆ ಹೇಳಬೇಕು, ಅದಕ್ಕೆ ಸ್ವಂತ ಪರದೆ ಇರಲಿಲ್ಲ. ಟಿವಿಯ ಹಿಂದೆ ವಯರ್ ಸಿಕ್ಕಿಸಿ, ಪೆಟ್ಟಿಗೆಯ ಮೇಲಿನ ಕಂಡಿಗೆ ಕ್ಯಾಸೆಟ್ ಒತ್ತಿ, ಇಬ್ಬರು ನೆಲದ ಮೇಲೆ ಕೂತು ಆಡಬೇಕು. ಕ್ಯಾಸೆಟ್ ಎಂದರೆ ಹಾಡಿನ ಕ್ಯಾಸೆಟ್ ಅಲ್ಲ. ಆಟ ತುಂಬಿದ ಚಿಪ್ ಇರುವ ಪ್ಲಾಸ್ಟಿಕ್ ಡಬ್ಬಿಗೆ ನಮ್ಮಲ್ಲಿ ಎಲ್ಲರೂ ಕ್ಯಾಸೆಟ್ ಎಂದೇ ಅನ್ನುತ್ತಿದ್ದರು. ಚಿತ್ರ ಬರದಿದ್ದರೆ ಅದನ್ನು ಕಿತ್ತು, ಫೂ ಎಂದು ಊದಿ, ಮತ್ತೆ ಸಿಕ್ಕಿಸುವುದು. ನಡುವೆ ಕರೆಂಟ್ ಹೋದರೆ ಆಡಿದ್ದೆಲ್ಲ ಹೋಯಿತು. ಮತ್ತೆ ಮೊದಲಿನಿಂದ.

ಆ ಪೆಟ್ಟಿಗೆಯ ಮೂಲ ಜಪಾನ್. ಅಲ್ಲಿನ ನಿಂಟೆಂಡೊ ಕಂಪನಿ 1983ರಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್‌ಗಳಲ್ಲಿ ಹೆಚ್ಚಿನವು ಅದರ ನಕಲುಗಳು. ನಮ್ಮ ಮನೆಯಲ್ಲಿ ಮೆರೆದ ಆಟ 'ಕಾಂಟ್ರಾ'. ಕೊನಾಮಿ ಎಂಬ ಕಂಪನಿ ಮಾಡಿದ್ದು. ಇಬ್ಬರು ಸೈನಿಕರು ಒಟ್ಟಿಗೆ ಓಡುತ್ತ, ಹಾರುತ್ತ, ಗುಂಡು ಹೊಡೆಯುತ್ತ ಮುಂದೆ ಸಾಗುವುದು. ಒಬ್ಬೊಬ್ಬನಿಗೆ ಮೂರೇ ಜೀವ. ಆದರೆ ಶುರುವಾಗುವ ಮೊದಲು ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಒತ್ತಿದರೆ ಮೂವತ್ತು ಜೀವ! ಮೊನ್ನೆ ಮಗನಿಗೆ ಫೋನ್ ಮಾಡಿ ಕೇಳಿದರೆ ಈ ಹತ್ತೂ ಗುಂಡಿಯ ಕ್ರಮವನ್ನು ತಡವರಿಸದೆ ಒಪ್ಪಿಸಿದ. ಹತ್ತೊಂಬತ್ತರ ಮಗ್ಗಿ ಕೇಳಿದ್ದರೆ ಹೀಗೆ ಬರುತ್ತಿತ್ತೋ ಇಲ್ಲವೋ.

ಹಳೆಯ ಆಟ ಹಳೆಯದಾಯಿತು, ಈಗ ಯಾಕೆ ಎಂದು ಕೇಳಬಹುದು. ನಾನೂ ಕೇಳಿದೆ. ಮೊಮ್ಮಗನ ಜೊತೆ ಕೂತು ನೋಡಿದ ಮೇಲೆ ಒಂದು ಮಾತು ಒಪ್ಪಿಕೊಂಡೆ. ಆ ಆಟಗಳ ನಡುವೆ ಜಾಹೀರಾತು ಬರುವುದಿಲ್ಲ. 'ಇಷ್ಟು ದುಡ್ಡು ಕೊಟ್ಟರೆ ಕತ್ತಿ ಸಿಗುತ್ತದೆ' ಎಂಬ ಆಮಿಷ ಇಲ್ಲ. ಮುಖ ಕಾಣದ ಅಪರಿಚಿತರ ಜೊತೆ ಹರಟೆ ಇಲ್ಲ. ಇಂಟರ್‌ನೆಟ್ಟೇ ಬೇಡ. ಆಟಕ್ಕೊಂದು ಆರಂಭ ಇದೆ, ಕೊನೆಯೂ ಇದೆ. ಈಗಿನ ಎಷ್ಟೋ ಮೊಬೈಲ್ ಆಟಗಳಿಗೆ ಕೊನೆ ಎಂಬುದೇ ಇಲ್ಲ.

ಗಮಕಿಯ ಪಕ್ಕದ ವ್ಯಾಖ್ಯಾನಕಾರ

ಸರಿ, ಆ ಹಳೆಯ ಪೆಟ್ಟಿಗೆಯ ಆಟ ಈ ಹೊಸ ಯಂತ್ರದಲ್ಲಿ ಹೇಗೆ ಓಡುತ್ತದೆ? ಇದಕ್ಕೆ ಎಮ್ಯುಲೇಟರ್ ಎಂಬ ತಂತ್ರಾಂಶ ಬೇಕು.

ಗಮಕ ಕೇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗಮಕಿ ಹಳೆಯ ಕಾವ್ಯದ ಒಂದು ಪದ್ಯ ಹಾಡುತ್ತಾರೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಆ ಕೂಡಲೇ ಅದನ್ನು ಇಂದಿನ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಹಳೆಯ ಆಟ ಬರೆದಿರುವುದು ಹಳೆಯ ಚಿಪ್ಪಿನ ಭಾಷೆಯಲ್ಲಿ. ಹೊಸ ಚಿಪ್ಪಿಗೆ ಆ ಭಾಷೆ ಬಾರದು. ಎಮ್ಯುಲೇಟರ್ ಸಾಲು ಸಾಲಾಗಿ ಅರ್ಥ ಹೇಳುತ್ತ ಹೋಗುತ್ತದೆ.

ಒಂದು ಸಾಲಿಗೆ ನಾಲ್ಕು ಸಾಲು ಅರ್ಥ ಹೇಳಬೇಕಾದರೆ ವ್ಯಾಖ್ಯಾನಕಾರರು ಎಷ್ಟು ಚುರುಕಾಗಿರಬೇಕು! ಇಲ್ಲೂ ಹಾಗೆಯೇ. 1989ರ ಗೇಮ್ ಬಾಯ್ ಎಂಬ ಯಂತ್ರದ ಚಿಪ್ ಸೆಕೆಂಡಿಗೆ ಸುಮಾರು 42 ಲಕ್ಷ ತಾಳ ಹಾಕುತ್ತಿತ್ತು. 1994ರಲ್ಲಿ ಬಂದ ಸೋನಿ ಪ್ಲೇಸ್ಟೇಷನ್ ಸುಮಾರು 3 ಕೋಟಿ 38 ಲಕ್ಷ. ಇಂದಿನ ಅಗ್ಗದ ಕೈಯಂತ್ರದ ಚಿಪ್ ಕೂಡ ನೂರು ಕೋಟಿಗೂ ಮೇಲೆ ಹಾಕುತ್ತದೆ. ಆದ್ದರಿಂದ ಈ ಎರಡೂ ಕಾಲದ ಆಟಗಳನ್ನು ಅದು ನೀರು ಕುಡಿದಷ್ಟು ಸುಲಭವಾಗಿ ನಡೆಸುತ್ತದೆ. 2000ದ ನಂತರದ ದೊಡ್ಡ ಯಂತ್ರಗಳ ಆಟಕ್ಕೆ ಬಂದರೆ ಮಾತ್ರ ಏದುಸಿರು ಬಿಡುತ್ತದೆ. ಮೊದಲ ಪಾಠ ಇದೇ. ಯಂತ್ರ ಎಷ್ಟು ಬಲಶಾಲಿ ಎಂದು ಕೇಳುವ ಮೊದಲು, ನಾವು ಆಡಬೇಕಾದ ಆಟ ಯಾವ ಕಾಲದ್ದು ಎಂದು ಕೇಳಬೇಕು.

ಕ್ಯಾಲ್ಕುಲೇಟರಿನಿಂದ ಹುಟ್ಟಿದ್ದು

ಕೈಯಲ್ಲಿ ಹಿಡಿದು ಆಡುವ ಗೇಮ್‌ಗಳ ಕಥೆಯಲ್ಲಿ ನಮ್ಮಂಥ ಲೆಕ್ಕದವರಿಗೂ ಒಂದು ಪಾಲಿದೆ ಎಂದು ತಿಳಿದು ಖುಷಿಯಾಯಿತು. ನಿಂಟೆಂಡೊದಲ್ಲಿ ಗುನ್‌ಪೇ ಯೊಕೊಯ್ ಎಂಬ ಎಂಜಿನಿಯರ್ ಇದ್ದರು. ಬುಲೆಟ್ ರೈಲಿನಲ್ಲಿ ಹೋಗುವಾಗ, ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತಿದ್ದ ಒಬ್ಬ ನೌಕರನನ್ನು ಅವರು ಕಂಡರು. ಕ್ಯಾಲ್ಕುಲೇಟರಿನಂಥ ಪರದೆಯಲ್ಲೇ ಆಟ ಮಾಡಿದರೆ ಹೇಗೆ? ಹೀಗೆ 1980ರಲ್ಲಿ 'ಗೇಮ್ ಆ್ಯಂಡ್ ವಾಚ್' ಬಂತು. 1982ರಲ್ಲಿ ಅದರದೇ ಒಂದು ಮಾದರಿಗೆ ಅವರು ಕೂಡುವ ಚಿಹ್ನೆಯ ಆಕಾರದ ಗುಂಡಿ ಇಟ್ಟರು. ಜಾಹೀರಾತಿನ ಯಂತ್ರದಲ್ಲಿ ನಾವು ಕಂಡ ಗುಂಡಿ ಅದರ ಮೊಮ್ಮಗನೇ.

ಯೊಕೊಯ್ ಅವರ ನಂಬಿಕೆ ಸರಳ. ಹಳತಾಗಿ, ಪಳಗಿ, ಅಗ್ಗವಾದ ತಂತ್ರವನ್ನು ಹೊಸ ರೀತಿಯಲ್ಲಿ ಬಳಸು. 1989ರಲ್ಲಿ ಅವರ ತಂಡದ ಗೇಮ್ ಬಾಯ್ ಬಂದಾಗ ಅದರ ಪರದೆಯಲ್ಲಿ ಬಣ್ಣವೇ ಇರಲಿಲ್ಲ. ಪಾಚಿ ಹಸಿರಿನ ನಾಲ್ಕು ಛಾಯೆ, ಅಷ್ಟೇ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್, ಮರುವರ್ಷದ ಸೆಗಾ ಗೇಮ್ ಗೇರ್ ಎರಡಕ್ಕೂ ಬಣ್ಣದ ಪರದೆ. ಆದರೆ ಅವು ಆರು ಪೆನ್ಸಿಲ್ ಸೆಲ್ ಹಾಕಿದರೂ ಕೆಲವೇ ಗಂಟೆಯಲ್ಲಿ ಬರಿದು ಮಾಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಮಾಸ್ಕೋದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ರೂಪಿಸಿದ 'ಟೆಟ್ರಿಸ್' ಆಟವನ್ನು ಅಮೆರಿಕದಲ್ಲಿ ಅದರ ಜೊತೆಗೇ ಕೊಟ್ಟರು. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ ಗೇಮ್ ಬಾಯ್ ಮಾರಾಟವಾದದ್ದು 11 ಕೋಟಿ 86 ಲಕ್ಷಕ್ಕೂ ಹೆಚ್ಚು.

ಜೊತೆಗೆ ಕೊಟ್ಟದ್ದು ಎಷ್ಟು ಆಟ? ಒಂದು. ಇದನ್ನು ಓದಿ ಮೊಮ್ಮಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ.

ಚುಕ್ಕಿ ರಂಗೋಲಿಯ ಲೆಕ್ಕ

ನಮ್ಮ ಪಟ್ಟಿಯಲ್ಲಿ ನನಗೆ ತುಂಬ ಹಿಡಿಸಿದ ಅಂಕಣ ಪರದೆಯದು. ಅದನ್ನು ಬಿಡಿಸಿಕೊಟ್ಟವಳು ನನ್ನಾಕೆ.

ಪರದೆಯ ಚಿತ್ರವೆಲ್ಲ ಚುಕ್ಕಿಗಳಿಂದ ಆದದ್ದು. ಗೇಮ್ ಬಾಯ್ ಪರದೆಯಲ್ಲಿ ಅಡ್ಡಕ್ಕೆ 160 ಚುಕ್ಕಿ, ಮೇಲಿಂದ ಕೆಳಕ್ಕೆ 144. ಈಗಿನ ಅಗ್ಗದ ಯಂತ್ರಗಳಲ್ಲಿ ಹೆಚ್ಚಾಗಿ 640 ಮತ್ತು 480. ಹಳೆಯ ಚಿತ್ರವನ್ನು ಹೊಸ ಪರದೆಗೆ ಹಿಗ್ಗಿಸುವಾಗ ಒಂದು ಹಳೆಯ ಚುಕ್ಕಿಗೆ ಎಷ್ಟು ಹೊಸ ಚುಕ್ಕಿ? ಅಡ್ಡಕ್ಕೆ ಸರಿಯಾಗಿ ನಾಲ್ಕು. ಮೇಲಿಂದ ಕೆಳಕ್ಕೆ ಮೂರೂ ಕಾಲು, ಮತ್ತಷ್ಟು ಚಿಲ್ಲರೆ.

"ಚುಕ್ಕಿಯಲ್ಲಿ ಚಿಲ್ಲರೆ ಎಲ್ಲಿ ಬರುತ್ತೆ? ರಂಗೋಲಿ ಸೊಟ್ಟ ಆಗುತ್ತೆ ಅಷ್ಟೆ" ಎಂದಳು ನನ್ನಾಕೆ. ಸತ್ಯವಾದ ಮಾತು. ಒಂದು ಸಾಲು ದಪ್ಪ, ಇನ್ನೊಂದು ಸಾಲು ತೆಳ್ಳಗೆ ಆಗಿ ಅಕ್ಷರಗಳು ವಕ್ರವಾಗಿ ಕಾಣುತ್ತವೆ. ಇದನ್ನು ತಪ್ಪಿಸಲು ಮೂರು ಪಟ್ಟು ಮಾತ್ರ ಹಿಗ್ಗಿಸಿ, ಸುತ್ತ ಕಪ್ಪು ಅಂಚು ಬಿಡಬೇಕು.

ಈ ಲೆಕ್ಕ ಹಿಡಿದು ಹೋದರೆ ಯಾವ ಯಂತ್ರ ಯಾವ ಆಟಕ್ಕೆ ಎಂಬುದು ತಾನಾಗಿ ತಿಳಿಯುತ್ತದೆ. ಹಳೆಯ ಟಿವಿ ಗೇಮ್‌ನ ಚಿತ್ರ 256ಕ್ಕೆ 240. ಎರಡು ಪಟ್ಟು ಮಾಡಿದರೆ 512ಕ್ಕೆ 480. ಹಾಗಾಗಿ 640ಕ್ಕೆ 480ರ ಪರದೆಯಲ್ಲಿ ಮೇಲಿಂದ ಕೆಳಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ. ಮಗನ ಕಾಲದ ಆಟಕ್ಕೆ ಇದು ಸರಿ. 2001ರ ಗೇಮ್ ಬಾಯ್ ಅಡ್ವಾನ್ಸ್‌ನ ಚಿತ್ರ 240ಕ್ಕೆ 160. ಅದಕ್ಕೆ 720ಕ್ಕೆ 480ರ ಪರದೆ ಇದ್ದರೆ ಸರಿಯಾಗಿ ಮೂರು ಪಟ್ಟು. ಅಂಥ ಪರದೆ ಇಟ್ಟೇ ಮಾಡಿದ ಯಂತ್ರವೂ ಇದೆ. ಮೊದಲ ಗೇಮ್ ಬಾಯ್‌ಗೆ ಸರಿಯಾಗಿ ಹತ್ತು ಪಟ್ಟು ಆಗಲೆಂದು 1600ಕ್ಕೆ 1440 ಚುಕ್ಕಿಯ ಪರದೆ ಹಾಕಿದವರೂ ಇದ್ದಾರೆ. ಮಕ್ಕಳೇ, ಭಾಗಾಕಾರ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಇನ್ನು ಮುಂದೆ ಮೇಷ್ಟ್ರನ್ನು ಕೇಳಬೇಡಿ.

ಆರು ಬಗೆ, ಆರು ಗುಣ

ಈಗ ಯಂತ್ರಗಳ ಸರದಿ.

ಮೊದಲನೆಯದು ಮಿಯೂ ಮಿನಿ ಪ್ಲಸ್. ಚೀನಾದ ತಯಾರಿಕೆ, 2023ರದು. ಮೂರೂವರೆ ಇಂಚಿನ ಪರದೆ, 640ಕ್ಕೆ 480. ಗೇಮ್ ಬಾಯ್‌ನಂತೆ ನೆಟ್ಟಗೆ ನಿಲ್ಲುವ ಆಕಾರ. ಜೇಬಿಗೆ ಹಿಡಿಸುತ್ತದೆ. ಪ್ಲೇಸ್ಟೇಷನ್ ಕಾಲದವರೆಗಿನ ಆಟಗಳಿಗೆ ಸಾಕು. ಇದಕ್ಕಾಗಿ ಹವ್ಯಾಸಿಗಳೇ ಬರೆದ 'ಆನಿಯನ್' ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಬಳಸುವುದು ಬಹಳ ಸುಲಭ. ಕೊರತೆ ಎಂದರೆ ಟಿವಿಗೆ ಜೋಡಿಸುವ ಕಿಂಡಿ ಇಲ್ಲ. ಚಿಕ್ಕ ಕೈಗೆ ಹೇಳಿ ಮಾಡಿಸಿದಂತಿದೆ. ನನ್ನಂಥವರ ಹೆಬ್ಬೆರಳು ಮಾತ್ರ ಅರ್ಧ ಗಂಟೆಯಲ್ಲಿ ಮುಷ್ಕರ ಹೂಡುತ್ತದೆ.

ಎರಡನೆಯದು ಆನ್‌ಬರ್ನಿಕ್ ಕಂಪನಿಯ ಆರ್‌ಜಿ 35 ಎಕ್ಸ್‌ಎಕ್ಸ್ ಕುಟುಂಬ. ಇದೂ ಚೀನಾದ್ದೇ. 2022ರ ಕೊನೆಯಲ್ಲಿ ಮೊದಲನೆಯದು ಬಂತು. ಆಮೇಲೆ ಅಣ್ಣತಮ್ಮಂದಿರು ಸಾಲುಗಟ್ಟಿದರು. ಪರದೆ ಅದೇ ಅಳತೆ. 'ಪ್ಲಸ್' ನೆಟ್ಟನೆಯ ಆಕಾರ. 'ಎಚ್' ಅಡ್ಡ ಆಕಾರ, ಎರಡು ಕೈ ಅಗಲಿಸಿ ಹಿಡಿಯಬಹುದು. 'ಎಸ್‌ಪಿ' ಮಡಚುವಂಥದ್ದು. ಮುಚ್ಚಿಟ್ಟರೆ ಪರದೆಗೆ ಗೀರು ಬೀಳುವುದಿಲ್ಲ. ವಸ್ತುಗಳನ್ನು ಎಲ್ಲೆಂದರಲ್ಲಿ ಎಸೆಯುವ ಮಕ್ಕಳಿಗೆ ಇದು ಒಳ್ಳೆಯದು. ಮೇಲೆ ಹೇಳಿದ 720ಕ್ಕೆ 480ರ ಪರದೆ ಇದೇ ಮನೆತನದ ಆರ್‌ಜಿ 34 ಎಕ್ಸ್‌ಎಕ್ಸ್‌ನಲ್ಲಿದೆ. ಪ್ಲಸ್ ಮತ್ತು ಎಚ್ ಮಾದರಿಗಳ ದೊಡ್ಡ ಅನುಕೂಲವೆಂದರೆ ಎಚ್‌ಡಿಎಂಐ ಕೇಬಲಿನಿಂದ ಟಿವಿಗೆ ಜೋಡಿಸಬಹುದು, ಹೊರಗಿನ ಕಂಟ್ರೋಲರ್ ಸೇರಿಸಿ ಇಬ್ಬರು ಆಡಬಹುದು. ಈ ಎರಡೂ ಬಗೆಯ ಯಂತ್ರಗಳು ಹೊರದೇಶದಲ್ಲಿ ಸುಮಾರು 60-70 ಡಾಲರಿನ ಆಸುಪಾಸಿನವು. ನಮ್ಮಲ್ಲಿಗೆ ತರಿಸುವಾಗ ಸುಂಕ, ಸಾಗಣೆ ಸೇರುತ್ತದೆ.

ಮೂರನೆಯದು ರೆಟ್ರಾಯ್ಡ್ ಪಾಕೆಟ್. ಒಳಗೆ ಇರುವುದು ಆಂಡ್ರಾಯ್ಡ್. ಬಲ ಹೆಚ್ಚು, ಪರದೆ ದೊಡ್ಡದು, 2000ದ ನಂತರದ ಯಂತ್ರಗಳ ಆಟವೂ ಓಡುತ್ತದೆ. ಆದರೆ ಆಂಡ್ರಾಯ್ಡ್ ಎಂದರೆ ಯೂಟ್ಯೂಬ್, ಆ್ಯಪ್‌ಗಳು ಎಲ್ಲ ಜೊತೆಗೇ ಬರುತ್ತವೆ. ಗೇಮ್ ಎಂದು ಮನೆಗೆ ಬಂದದ್ದು ಇನ್ನೊಂದು ಮೊಬೈಲ್ ಆಗಿ ನೆಲೆಸುತ್ತದೆ. ಹಿರಿಯರು ಇದನ್ನು ಯೋಚಿಸಬೇಕು.

ನಾಲ್ಕನೆಯದು ಅಮೆರಿಕದ ಅನಲಾಗ್ ಪಾಕೆಟ್, 2021ರ ಕೊನೆಗೆ ಬಂದದ್ದು. ಹತ್ತು ಪಟ್ಟಿನ ಪರದೆ ಇದರದ್ದೇ. ಇದು ವ್ಯಾಖ್ಯಾನಕಾರ ಅಲ್ಲ, ವೇಷಧಾರಿ. ಇದರೊಳಗಿನ ಚಿಪ್ಪನ್ನು ಬೇಕಾದ ಹಾಗೆ ಮಾರ್ಪಡಿಸಬಹುದು. ಅರ್ಥ ಹೇಳುತ್ತ ಕೂರದೆ ಅದು ಹಳೆಯ ಚಿಪ್ಪಿನ ವೇಷವನ್ನೇ ತೊಟ್ಟು ಕುಣಿಯುತ್ತದೆ. ಅಸಲಿ ಗೇಮ್ ಬಾಯ್ ಕ್ಯಾಸೆಟ್ಟನ್ನು ಇದರ ಬೆನ್ನಿಗೆ ಸಿಕ್ಕಿಸಿ ಆಡಬಹುದು. ಬೆಲೆ ಇನ್ನೂರು ಡಾಲರ್ ದಾಟುತ್ತದೆ. ಹಳೆಯ ಕ್ಯಾಸೆಟ್ ಜೋಪಾನ ಮಾಡಿದವರಿಗೆ ಇದು ಒಡವೆ. ನಮ್ಮಂಥವರಿಗೆ ದೂರದ ನಮಸ್ಕಾರ.

ಐದನೆಯದು ಬ್ರಿಟನ್ನಿನ ಎವರ್‌ಕೇಡ್, 2020ರದು. ಇದಕ್ಕೆ ಹೊಸದಾಗಿ ಮಾಡಿದ ಕ್ಯಾಸೆಟ್‌ಗಳನ್ನು ಅಂಗಡಿಯಲ್ಲಿ ಕೊಳ್ಳಬೇಕು. ಅಟಾರಿಯಂಥ ಮೂಲ ಹಕ್ಕುದಾರರಿಂದ ಪರವಾನಗಿ ಪಡೆದು ಒಂದೊಂದರಲ್ಲಿ ಹಲವು ಆಟ ಹಾಕಿರುತ್ತಾರೆ. ಆಯ್ಕೆ ಕಡಿಮೆ, ಆದರೆ ಲೆಕ್ಕ ಚೊಕ್ಕ.

ಆರನೆಯದು ಸ್ಟೀಮ್ ಡೆಕ್, 2022ರದು. ಏಳು ಇಂಚಿನ ಪರದೆ, ಸುಮಾರು 670 ಗ್ರಾಂ ತೂಕ. ನಿಜಕ್ಕೂ ಇದೊಂದು ಕಂಪ್ಯೂಟರ್. ಹೊಸ ಆಟ, ಹಳೆಯ ಆಟ ಎಲ್ಲ ನಡೆಯುತ್ತದೆ. ಗೇಮ್ ಬಾಯ್ ಆಟಕ್ಕಾಗಿ ಇದನ್ನು ಕೊಳ್ಳುವುದು ಕೊತ್ತಂಬರಿ ತರಲು ಲಾರಿ ಕಟ್ಟಿಕೊಂಡು ಹೋದಂತೆ.

ಇವುಗಳ ಆಚೆ ಏಳನೆಯದೊಂದಿದೆ, ಮನೆಯಲ್ಲೇ ಇದೆ. ಅದು ನಿಮ್ಮ ಮೊಬೈಲ್. ಆಂಡ್ರಾಯ್ಡ್‌ನಲ್ಲಿ 'ರೆಟ್ರೋಆರ್ಕ್'ನಂಥ ಉಚಿತ ಎಮ್ಯುಲೇಟರ್ ಬಹಳ ಕಾಲದಿಂದ ಇದೆ. ಆ್ಯಪಲ್ ಕೂಡ 2024ರ ಏಪ್ರಿಲ್‌ನಲ್ಲಿ ತನ್ನ ಅಂಗಡಿಗೆ ಇಂಥವನ್ನು ಬಿಟ್ಟುಕೊಂಡಿತು. ಗಾಜಿನ ಮೇಲೆ ಬರೆದ ಗುಂಡಿ ಬೆರಳಿಗೆ ಸಿಗುವುದಿಲ್ಲ ಎಂಬುದೊಂದೇ ತೊಂದರೆ. ಹಾಗಿದ್ದರೂ ಹಣ ಹಾಕುವ ಮೊದಲು ಒಂದು ವಾರ ಮೊಬೈಲಿನಲ್ಲೇ ಆಡಿ ನೋಡುವುದು ಒಳ್ಳೆಯದು. ವಾರಕ್ಕೇ ಬೇಸರ ಬಂದರೆ ಅಷ್ಟು ದುಡ್ಡು ಉಳಿಯಿತು.

ಎಮ್ಯುಲೇಟರಿನ ಒಂದು ಗುಣ ನನ್ನಾಕೆಗೆ ತುಂಬ ಹಿಡಿಸಿತು. ಆಟವನ್ನು ಯಾವ ಗಳಿಗೆಯಲ್ಲಾದರೂ ಹಾಗೇ ಉಳಿಸಿಟ್ಟು, ಆಮೇಲೆ ಅಲ್ಲಿಂದಲೇ ಮುಂದುವರಿಸಬಹುದು. "ಅನ್ನ ಆರ್ತಾ ಇದೆ ಬಾರೋ" ಎಂದರೆ "ಒಂದೇ ನಿಮಿಷ ಅಮ್ಮಾ, ಸತ್ತುಹೋಗ್ತೀನಿ" ಎಂಬ ಮಗನ ಉತ್ತರ ಅವಳಿಗೆ ಇನ್ನೂ ನೆನಪಿದೆ. ಮೊಮ್ಮಗನಿಗೆ ಆ ನೆಪ ಇಲ್ಲ.

ಅಟ್ಟದ ಮೇಲಿನ ಕ್ಯಾಸೆಟ್

ಇಷ್ಟಾದ ಮೇಲೆ ಪಟ್ಟಿಯ ಕೊನೆಯ ಅಂಕಣಕ್ಕೆ ಬಂದೆವು. 'ಆಟಗಳು ಎಲ್ಲಿಂದ?'

ನಾನು ಕನ್ನಡಕ ಸರಿಮಾಡಿಕೊಂಡು ಪಾಠ ಶುರುಮಾಡಿದೆ. "ನೋಡು ಪುಟ್ಟಾ, ಎಮ್ಯುಲೇಟರ್ ಮಾಡೋದು, ಇಟ್ಕೊಳ್ಳೋದು ತಪ್ಪಲ್ಲ. ತಪ್ಪು ಇರೋದು ಆಟವನ್ನು ಕದ್ದು ನಕಲು ಮಾಡೋದರಲ್ಲಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿನೇ. ಕಾದಂಬರಿ ಬರೆದವರಿಗೆ ಹೇಗೆ ಹಕ್ಕಿದೆಯೋ ಹಾಗೇ ಆಟ ಬರೆದವರಿಗೂ ಇದೆ. ಆಟ ಹಳೇದಾಯ್ತು ಅಂದಮಾತ್ರಕ್ಕೆ ಹಕ್ಕು ಹೋಗಲ್ಲ. ನ್ಯಾಯವಾಗಿ ಕೊಂಡಿರೋ ಪ್ರೋಗ್ರಾಂಗೆ ಒಂದು ಕಾಪಿ ಜೋಪಾನಕ್ಕೆ ಮಾಡಿಟ್ಟುಕೊಳ್ಳೋಕೆ ಕಾಯ್ದೆ ಬಿಡುತ್ತೆ. ಆದರೆ ಹತ್ತು ಸಾವಿರ ಆಟ ಒಂದು ಕಾರ್ಡಿಗೆ ತುಂಬಿ ಮಾರೋದಿದೆಯಲ್ಲ, ಅದರಲ್ಲಿ ಒಂದು ಪೈಸೆನಾದ್ರೂ ಆಟ ಮಾಡಿದವರಿಗೆ ಹೋಗುತ್ತಾ?"

ಹುಡುಗ ಗಮನವಿಟ್ಟು ಕೇಳಿದ. ಆಮೇಲೆ ಎದ್ದು ಅಟ್ಟ ಹತ್ತಿ, ಅಪ್ಪನ ಹಳೆಯ ಕ್ಯಾಸೆಟ್ ಇದ್ದ ರಟ್ಟಿನ ಪೆಟ್ಟಿಗೆ ಇಳಿಸಿದ. ಧೂಳು ಒರೆಸಿ, ಚೀಟಿಯನ್ನು ಹತ್ತಿರ ಹಿಡಿದು ನೋಡಿದ. ಹಳದಿ ಪ್ಲಾಸ್ಟಿಕ್ ಡಬ್ಬಿ. ಮೇಲೆ '64 ಆಟಗಳು' ಎಂದಿತ್ತು.

"ತಾತ, ಕಾಂಟ್ರಾ ಮಾಡಿದ್ದು ಕೊನಾಮಿ ಅಂದ್ರಿ. ಇದರ ಮೇಲೆ ಕೊನಾಮಿ ಅಂತ ಎಲ್ಲೂ ಇಲ್ಲವಲ್ಲ?"

ನಾನು ತಿರುಗಿಸಿ ನೋಡಿದೆ. ಇರಲಿಲ್ಲ. ನಿಂಟೆಂಡೊ ಹೆಸರೂ ಇರಲಿಲ್ಲ. ತಯಾರಿಸಿದವರ ಹೆಸರೇ ಇರಲಿಲ್ಲ.

ಕೌಂಟರಿನಲ್ಲಿ ಒಂದು ರೂಪಾಯಿ ಹೆಚ್ಚು ಬಂದರೂ ಸಂಜೆ ಅದು ಯಾರದ್ದೆಂದು ಹುಡುಕದೆ ಮನೆಗೆ ಹೊರಟವನಲ್ಲ ನಾನು. ಅಂಥವನು ಮಗನ ಕೈಗೆ ಇಟ್ಟದ್ದು ನಕಲಿ ಮಾಲು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆಗ ನಮ್ಮೂರಿನಲ್ಲಿ ಅಸಲಿ ಸಿಗುತ್ತಲೇ ಇರಲಿಲ್ಲ, ಎಲ್ಲರೂ ಅದನ್ನೇ ಕೊಳ್ಳುತ್ತಿದ್ದರು ಎಂದು. ಆದರೆ 'ಎಲ್ಲರೂ ಮಾಡ್ತಾರೆ' ಎಂಬ ಮಾತಿಗೆ ಇದೇ ಹುಡುಗನನ್ನು ಎಷ್ಟು ಸಲ ಗದರಿಸಿಲ್ಲ!

"ನನಗೆ ಗೊತ್ತಿರಲಿಲ್ಲ ಪುಟ್ಟಾ. ಅದು ನಿಜ. ಆದರೆ ನಾನು ಕೇಳಲೂ ಇಲ್ಲ. ಅದೂ ನಿಜ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪಟ್ಟಿಯ ಕೊನೆಯ ಅಂಕಣದಲ್ಲಿ, '10,000 ಆಟದ ಕಾರ್ಡ್' ಎಂಬುದರ ಮುಂದೆ ತಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದ. ನನ್ನ ಉಪದೇಶದಿಂದ ಆದದ್ದಲ್ಲ ಇದು. ನನ್ನ ತಪ್ಪೊಪ್ಪಿಗೆಯಿಂದ ಆಯಿತು ಎಂದು ನನ್ನ ನಂಬಿಕೆ.

ಕೊನೆಗೆ ಕೊಂಡದ್ದು

ಹಾಗಾದರೆ ಕಾಂಟ್ರಾ? ಕೊನಾಮಿ ಕಂಪನಿಯೇ 2019ರಲ್ಲಿ ತನ್ನ ಹಲವು ಹಳೆಯ ಕಾಂಟ್ರಾ ಆಟಗಳನ್ನು ಒಟ್ಟುಮಾಡಿ 'ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್' ಎಂದು ಕಂಪ್ಯೂಟರಿಗೂ ಹೊಸ ಗೇಮ್ ಯಂತ್ರಗಳಿಗೂ ಬಿಡುಗಡೆ ಮಾಡಿದೆ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ. ಮಗ ತನ್ನ ಲ್ಯಾಪ್‌ಟಾಪಿಗೆ ಅದನ್ನು ಕೊಂಡ. ಹಣ ನಾನು ಕೊಟ್ಟೆ. ಮೂವತ್ತು ವರ್ಷದ ಹಿಂದಿನ ಬಾಕಿ ತೀರಿತು ಎಂದುಕೊಂಡೆ. ಬಡ್ಡಿ ಲೆಕ್ಕ ಹಾಕಲಿಲ್ಲ.

ಕೈಯಂತ್ರಕ್ಕೆ ಹವ್ಯಾಸಿಗಳು ಬರೆದು ಉಚಿತವಾಗಿ ಹಂಚುವ ಆಟಗಳು ಸಿಗುತ್ತವೆ. ಗೇಮ್ ಬಾಯ್‌ಗೆ ಇಂದಿಗೂ ಹೊಸ ಆಟ ಬರೆಯುವವರು ಇದ್ದಾರೆ ಎಂದು ತಿಳಿದು ನನಗೆ ಆಶ್ಚರ್ಯವಾಯಿತು. 'ಟೊಬು ಟೊಬು ಗರ್ಲ್' ಅಂಥದೊಂದು. 2017ರದು. ಹಾರಿ ಹಾರಿ ಮೇಲೇರುವ ಆಟ. ಅದರ ಒಳಗಿನ ಬರಹವನ್ನೂ ಬರೆದವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇಂಥವು ನಮ್ಮ ಹುಡುಗನಿಗೆ ಸಾಕಾದವು.

ಯಂತ್ರ ಯಾವುದು? ನಮ್ಮ ಲೆಕ್ಕ ಹೀಗಿತ್ತು. ಮೊಮ್ಮಗನಿಗೆ ಬೇಕಾದದ್ದು ಗೇಮ್ ಬಾಯ್ ಕಾಲದ ಆಟ, ಆದ್ದರಿಂದ ದೊಡ್ಡ ಬಲ ಬೇಡ. ನಾನೂ ಆಗಾಗ ಹಿಡಿಯುವವನು, ಆದ್ದರಿಂದ ಅಡ್ಡ ಆಕಾರ ಬೇಕು. ದಸರಾ ರಜೆಯಲ್ಲಿ ಎಲ್ಲರೂ ಸೇರಿದಾಗ ಟಿವಿಗೆ ಹಾಕಿ ಆಡಬೇಕು. ಇಷ್ಟಕ್ಕೂ ಹೊಂದಿದ್ದು ಆರ್‌ಜಿ 35 ಎಕ್ಸ್‌ಎಕ್ಸ್‌ನ ಎಚ್ ಮಾದರಿ. ಆಟ ತುಂಬಿದ ಹೆಚ್ಚಿನ ಕಾರ್ಡ್ ಬೇಡ ಎಂದೆವು. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದರೆ ಉತ್ತರವೂ ಬೇರೆ ಬರುತ್ತದೆ. ಬರಲಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹುಡುಕುವಾಗ ಮೊಮ್ಮಗನಿಗೆ 'ಜಿಬಿ ಸ್ಟುಡಿಯೊ' ಎಂಬುದು ಸಿಕ್ಕಿತ್ತು. 2019ರಲ್ಲಿ ಬಂದ ಉಚಿತ ತಂತ್ರಾಂಶ. ಕಂಪ್ಯೂಟರ್ ಭಾಷೆ ಕಲಿಯದವರೂ ಅದರಲ್ಲಿ ಗೇಮ್ ಬಾಯ್ ಆಟ ಮಾಡಬಹುದು. ನಾಲ್ಕೇ ಛಾಯೆ, ಎಂಟಕ್ಕೆ ಎಂಟು ಚುಕ್ಕಿಯ ಚೌಕಗಳು. ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು, ಅಜ್ಜಿಯ ಹತ್ತಿರ ಚುಕ್ಕಿ ಸರಿಮಾಡಿಸಿಕೊಂಡು, ಅವನೇ ಒಂದು ಆಟ ಮಾಡಿದ.

ಕನ್ನಡ ಅಕ್ಷರ ಬರೆಯಲು ಒದ್ದಾಡಿದ. ಎಂಟು ಚುಕ್ಕಿಯ ಚೌಕದಲ್ಲಿ ಒತ್ತಕ್ಷರ ಕೂರುವುದಿಲ್ಲ. 'ಬ್ಯಾಂಕ್' ಎಂದು ಬರೆಯಲು ಹೋಗಿ ಸೋತ. ಹದಿನಾರಕ್ಕೆ ಹದಿನಾರು ಮಾಡಿದರೂ ಗೋಜಲು. ಆಮೇಲೆ ಒತ್ತಕ್ಷರವೇ ಇಲ್ಲದ ಮಾತು ಹುಡುಕಿಕೊಂಡ.

ಆಟ ಮುಗಿದ ದಿನ ಯಂತ್ರಕ್ಕೆ ಹಾಕಿ ನನ್ನ ಕೈಗೆ ಕೊಟ್ಟ. ಒಬ್ಬ ಪುಟ್ಟ ಹುಡುಗ ಊರೆಲ್ಲ ಸುತ್ತಿ, ನಾಯಿಯಿಂದ ತಪ್ಪಿಸಿಕೊಂಡು, ಹಳ್ಳ ಹಾರಿ, ಕೈಯಲ್ಲಿ ಚೀಟಿ ಹಿಡಿದು ಒಂದು ಕೌಂಟರಿನ ಮುಂದೆ ಬಂದು ನಿಲ್ಲುತ್ತಾನೆ. ಒಳಗೆ ಕನ್ನಡಕದ ಗುಮಾಸ್ತ. ನಾನು ಗುಂಡಿ ಒತ್ತಿದೆ. ಗುಮಾಸ್ತ ಎದ್ದು ಹೋದ. ಕೌಂಟರಿನ ಮೇಲೆ ಒಂದು ಹಲಗೆ ಬಂದು ನಿಂತಿತು.

'ಊಟದ ಸಮಯ.'

ಬಾಕ್ಸ್: ಕೊಳ್ಳುವ ಮೊದಲು, ಕೊಂಡ ಮೇಲೆ

1. ಆಡಬೇಕಾದ ಎರಡು ಮೂರು ಆಟಗಳ ಹೆಸರು ಮೊದಲು ಬರೆದುಕೊಳ್ಳಿ. ಅವು ಯಾವ ಯಂತ್ರದ್ದು, ಯಾವ ಕಾಲದ್ದು ನೋಡಿ. ಯಂತ್ರದ ಆಯ್ಕೆ ಆಮೇಲೆ.

2. ಅಗ್ಗದ ಯಂತ್ರದ ಜೊತೆ ಬರುವ ಮೆಮೊರಿ ಕಾರ್ಡನ್ನು ನಂಬಬೇಡಿ. ಪರಿಚಯದವರ ಮನೆಯ ಹುಡುಗನೊಬ್ಬ ಎರಡು ತಿಂಗಳು ಆಡಿ ಉಳಿಸಿದ್ದೆಲ್ಲ ಒಂದು ಬೆಳಿಗ್ಗೆ ಕಾರ್ಡ್ ಕೆಟ್ಟು ಹೋಯಿತು. ಒಳ್ಳೆಯ ಕಾರ್ಡ್ ಹಾಕಿ, ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಕಾಪಿ ಮಾಡಿಡಿ.

3. ಕೆಲವು ಅಗ್ಗದ ಯಂತ್ರಗಳು ಫಾಸ್ಟ್ ಚಾರ್ಜರಿಗೆ ಒಗ್ಗುವುದಿಲ್ಲ. ಜೊತೆಗೆ ಬಂದ ಕೇಬಲ್, ಸಾಧಾರಣ 5 ವೋಲ್ಟ್ ಚಾರ್ಜರ್ ಬಳಸಿ.

4. ಸಾವಿರಾರು ಆಟ ತುಂಬಿದ ಕಾರ್ಡಿನಲ್ಲಿ ಮಕ್ಕಳಿಗೆ ತಕ್ಕುದಲ್ಲದ ಆಟವೂ ಇರಬಹುದು. ದೊಡ್ಡವರು ನೋಡದೆ ಮಕ್ಕಳ ಕೈಗೆ ಕೊಡಬೇಡಿ.

5. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಿ. ಕಣ್ಣಿನ ಡಾಕ್ಟರು ಹೇಳುವ ಈ ನಿಯಮ ಮೊಮ್ಮಕ್ಕಳಿಗೆ ಮಾತ್ರ ಅಲ್ಲ, ತಾತಂದಿರಿಗೂ ಹೌದು.